ಬೆಳಕಿನ ಲೇಖನಿ, ಕಾಂತದ ಬರಹ

ಬರೆದುದು ಬಹುಕಾಲ ಉಳಿಯಬೇಕು. ಬೇಕೆಂದಾಗ ಅದನ್ನು ಅಳಿಸಿ ತಿದ್ದಲೂ ಬರಬೇಕು. ಮನುಷ್ಯನ ಈ ಎರಡು ಆಸೆಗಳು ಒಂದಕ್ಕೊಂದು ವಿರುದ್ಧವಾದುವು. ಕಲ್ಲಿನಲ್ಲಿ ಕೊರೆದುದು ಉಳಿಯುತ್ತದೆ, ಆದರೆ ತಿದ್ದಲು ಬಾರದು. ಸ್ಲೇಟಿನ ಮೇಲೆ ಬಳಪದಿಂದ ಬರೆದುದನ್ನು ತಿದ್ದಬಹುದು, ಆದರೆ ಅದು ಉಳಿಯದು. ಈ ಎರಡು ಗುಣಗಳನ್ನೂ ಒಂದೆಡೆ ಕೂಡಿಸಿದ ಸಾಧನವೊಂದು 1980ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಲೋಕಕ್ಕೆ ಬಂದಿತು. ಅದರ ಹೆಸರು ಮ್ಯಾಗ್ನೆಟೊ-ಆಪ್ಟಿಕಲ್ ಡಿಸ್ಕ್.

ಪ್ಲಾಸ್ಟಿಕ್ ಕವಚದೊಳಗೆ ಭದ್ರವಾಗಿರುವ ಈ ತಟ್ಟೆಯಲ್ಲಿ ಟರ್ಬಿಯಂ, ಕಬ್ಬಿಣ, ಕೋಬಾಲ್ಟ್‌ಗಳ ಮಿಶ್ರಲೋಹದ ಅತಿ ತೆಳುವಾದ ಪದರವೊಂದುಂಟು. ಸಾಮಾನ್ಯ ಉಷ್ಣತೆಯಲ್ಲಿ ಹೊರಗಿನ ಅಯಸ್ಕಾಂತ ಅದನ್ನು ಸುಲಭವಾಗಿ ಕದಲಿಸಲಾರದು. ಆದರೆ ನಿಶ್ಚಿತವಾದೊಂದು ಉಷ್ಣತೆಯನ್ನು ಮೀರಿದರೆ ಕಾಂತವಸ್ತು ತನ್ನ ಗುಣವನ್ನೇ ಕಳೆದುಕೊಳ್ಳುವುದೆಂದು ಫ್ರಾನ್ಸಿನ ಪಿಯರ್ ಕ್ಯೂರಿಯವರು 1895ರಲ್ಲಿಯೇ ತೋರಿಸಿಕೊಟ್ಟಿದ್ದರು. ಬರೆಯುವ ಗುಟ್ಟು ಇದರಲ್ಲಿಯೇ ಅಡಗಿದೆ. ಲೇಸರ್ ಕಿರಣವು ಸೂಕ್ಷ್ಮವಾದೊಂದು ಬಿಂದುವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಆ ಕ್ಷಣದಲ್ಲಿ ಬಿಂದು ಬಳಿಯಲ್ಲಿರುವ ಅಯಸ್ಕಾಂತದ ದಿಕ್ಕನ್ನು ಹಿಡಿಯುತ್ತದೆ. ಆರಿದೊಡನೆ ಆ ದಿಕ್ಕಿನಲ್ಲಿಯೇ ಸ್ಥಿರವಾಗುತ್ತದೆ. ಓದುವುದಕ್ಕೆ ಮಂದವಾದ ಲೇಸರ್ ಸಾಕು. ಕಾಂತದಿಂದ ಪ್ರತಿಫಲಿಸಿದ ಬೆಳಕಿನ ಕಂಪನತಲ ತುಸು ಹೊರಳುವುದನ್ನು ಸ್ಕಾಟ್ಲೆಂಡಿನ ಜಾನ್ ಕೆರ್ ಅವರು 1877ರಲ್ಲಿ ಕಂಡುಹಿಡಿದಿದ್ದರು. ಒಂದು ಡಿಗ್ರಿಗೂ ಕಡಿಮೆಯಾದ ಆ ಹೊರಳಿಕೆಯಿಂದಲೇ ಯಂತ್ರವು ಬರಹವನ್ನು ಗುರುತಿಸುತ್ತದೆ.

ಲಕ್ಷಾಂತರ ಸಲ ಅಳಿಸಿ ಬರೆಯಬಹುದು. ಜೋಪಾನ ಮಾಡಿದರೆ ದಶಕಗಳ ಕಾಲ ಬಾಳುತ್ತದೆ. ಐದೂಕಾಲು ಅಂಗುಲದ ಮೊದಲ ತಟ್ಟೆಗಳ ಎರಡು ಮಗ್ಗುಲಲ್ಲಿ ಸುಮಾರು 650 ಮೆಗಾಬೈಟ್, ಎಂದರೆ ಮುನ್ನೂರು ಪುಟದ ಸಾವಿರ ಇಂಗ್ಲಿಷ್ ಪುಸ್ತಕಗಳ ಅಕ್ಷರರಾಶಿ, ಹಿಡಿಯುತ್ತಿತ್ತು. ಆಸ್ಪತ್ರೆಗಳು ರೋಗಿಗಳ ಚಿತ್ರಗಳನ್ನೂ, ಜಪಾನಿನ ಮುದ್ರಣಾಲಯಗಳು ಪುಟಗಳನ್ನೂ ಇವುಗಳಲ್ಲಿ ಕಾಪಿಟ್ಟವು. 1988ರಲ್ಲಿ ಸ್ಟೀವ್ ಜಾಬ್ಸ್ ಪ್ರದರ್ಶಿಸಿದ ನೆಕ್ಸ್ಟ್ ಕಂಪ್ಯೂಟರಿನಲ್ಲಿಯೂ 256 ಮೆಗಾಬೈಟಿನ ಇಂಥದೇ ತಟ್ಟೆಯಿತ್ತು. ಸೋನಿ ಕಂಪೆನಿಯು 1992ರಲ್ಲಿ ತಂದ ಮಿನಿಡಿಸ್ಕ್‌ನಲ್ಲಿ ಮನೆಯವರು ಧ್ವನಿಯನ್ನು ಮುದ್ರಿಸಿಕೊಂಡುದೂ ಇದೇ ತತ್ತ್ವದಿಂದ.

ಆದರೂ ಅದು ಮೂಲೆ ಸೇರಿತು. ಮೊದಲು ಅಳಿಸಿ ಆಮೇಲೆ ಬರೆಯಬೇಕಾದುದರಿಂದ ಕೆಲಸ ನಿಧಾನ; ಬೆಲೆಯೂ ಹೆಚ್ಚು. ಅಗ್ಗದ ಸಿ.ಡಿ., ಡಿ.ವಿ.ಡಿ., ಹಾರ್ಡ್ ಡಿಸ್ಕ್‌ಗಳು ಅದನ್ನು ಹಿಂದಕ್ಕೆ ತಳ್ಳಿದವು. ಧ್ವನಿಮುದ್ರಣದ ಮಿನಿಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಇಲ್ಲಿಯೇ ಇರುವುದು ಚಿಂತೆಯ ವಿಷಯ. ತಟ್ಟೆಯೊಳಗಿನ ಬರಹ ಇಂದಿಗೂ ಮಾಸದೆ ಇರಬಹುದು. ಆದರೆ ಅದನ್ನು ಓದುವ ಯಂತ್ರ ಕೆಟ್ಟರೆ ಹೊಸದು ದೊರೆಯುವುದು ದುರ್ಲಭ. ದೊರೆತರೂ ಇಂದಿನ ಕಂಪ್ಯೂಟರಿಗೆ ಅದನ್ನು ಜೋಡಿಸುವುದು ಸುಲಭವಲ್ಲ. ಶಾಸನವನ್ನು ಓದಲು ಕಣ್ಣೂ ಲಿಪಿಜ್ಞಾನವೂ ಸಾಕು. ಈ ತಟ್ಟೆಗಾದರೋ ಅದರ ಕಾಲದ ಯಂತ್ರವೇ ಬೇಕು.

ನಮ್ಮ ಹಿರಿಯರು ಓಲೆಗರಿಯನ್ನೇ ನಂಬಿ ಕುಳಿತಿರಲಿಲ್ಲ. ಗರಿ ಜೀರ್ಣವಾಗುವ ಮುನ್ನ ಲಿಪಿಕಾರನು ಹೊಸ ಗರಿಗೆ ಪ್ರತಿಮಾಡುತ್ತಿದ್ದನು; ಕಾವ್ಯಗಳು ನಮ್ಮವರೆಗೆ ಬಂದುದು ಆ ಶ್ರಮದಿಂದ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಮಗುವಿನ ಮೊದಲ ಮಾತೋ, ತೀರಿಕೊಂಡ ಹಿರಿಯರ ದನಿಯೋ ಹಳೆಯ ತಟ್ಟೆಯೊಂದರಲ್ಲಿದ್ದರೆ, ಓದುವ ಯಂತ್ರ ಜೀವದಿಂದಿರುವಾಗಲೇ ಅದಕ್ಕೊಂದು ಪ್ರತಿ ಮಾಡಿಸಿಡಿ.