ಭೂಸ್ವಾಧೀನ: ವಕೀಲರ ಮೊದಲ ಭೇಟಿಗೆ ರೈತರ ಸಿದ್ಧತೆ

ಬೈರಸಂದ್ರ, ತಾವರೆಕೆರೆ, ಮಡಿವಾಳ ಗ್ರಾಮಗಳ ಹೆಸರು ಇಂದು ಬಿಟಿಎಂ ಬಡಾವಣೆಯ ಮೂರು ಅಕ್ಷರಗಳಲ್ಲಿ ಉಳಿದಿದೆ. ನಗರದಂಚಿನ ಜಮೀನಿಗೆ ಭೂಸ್ವಾಧೀನದ ನೋಟಿಸ್ ಬಂದಾಗ ಆಕ್ಷೇಪಣೆಗೆ ಕಾಲಮಿತಿ ಇರುತ್ತದೆ. ಆದ್ದರಿಂದ ತಡಮಾಡದೆ, ಭೂ ಪ್ರಕರಣಗಳಲ್ಲಿ ಅನುಭವವುಳ್ಳ ಸ್ಥಳೀಯ ವಕೀಲರನ್ನು ಕಾಣುವುದು ಸೂಕ್ತ.

ಮೊದಲ ಭೇಟಿಗೆ ಕೊಂಡೊಯ್ಯಬೇಕಾದವು:
• ಪಹಣಿ, ಮ್ಯುಟೇಷನ್ ಪ್ರತಿ, ಸರ್ವೆ ನಕ್ಷೆ, ಋಣಭಾರ ಪತ್ರ, ಕ್ರಯ ಅಥವಾ ವಿಭಾಗ ಪತ್ರ, ವಂಶವೃಕ್ಷ
• ನೋಟಿಸ್ ಮತ್ತು ಅದು ಕೈಸೇರಿದ ದಿನಾಂಕ
• ತೆಂಗು, ಮಾವು, ಕೊಳವೆಬಾವಿಗಳ ವಿವರ. ಪರಿಹಾರ ನಿಗದಿಯಲ್ಲಿ ಇವೂ ಗಣನೆಗೆ ಬರುತ್ತವೆ

ಮೂಲ ಪತ್ರಗಳನ್ನು ತಮ್ಮಲ್ಲಿಯೇ ಇರಿಸಿಕೊಂಡು ನಕಲು ನೀಡಬೇಕು. ಶುಲ್ಕವನ್ನು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ವಕಾಲತ್ತನ್ನು ಓದಿ ಸಹಿ ಮಾಡಬೇಕು. ಖಾಲಿ ಕಾಗದಕ್ಕೆ ಸಹಿ ಸಲ್ಲದು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ವಯ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ: 15100.