ಪೆಟ್ರೋಲ್ ಬಂಕ್‌ಗಳ ಸಮೀಪ ಅಂತರ್ಜಲ ವೀಕ್ಷಣಾ ಬಾವಿಗಳ ನಿರ್ಮಾಣ ಮತ್ತು ನೀರಿನ ಮಾದರಿ ಸಂಗ್ರಹಣೆ

(ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

ಪೆಟ್ರೋಲ್ ಬಂಕ್‌ಗಳಲ್ಲಿ ಇಂಧನವನ್ನು ನೆಲದಲ್ಲಿ ಹೂಳಲಾದ ಟ್ಯಾಂಕ್‌ಗಳಲ್ಲಿ ದಾಸ್ತಾನು ಮಾಡಲಾಗುತ್ತದೆ. ಟ್ಯಾಂಕ್‌ನಲ್ಲಾಗಲಿ ಪೈಪಿನ ಜೋಡಣೆಯಲ್ಲಾಗಲಿ ಸಣ್ಣ ಸೋರಿಕೆ ಉಂಟಾದಲ್ಲಿ ಅದು ಮೇಲ್ನೋಟಕ್ಕೆ ಗೋಚರಿಸುವುದಿಲ್ಲ. ಪೆಟ್ರೋಲ್ ನೀರಿಗಿಂತ ಹಗುರವಾದುದರಿಂದ ಅಂತರ್ಜಲದ ಮೇಲ್ಮೈಯಲ್ಲಿ ತೇಲುತ್ತದೆ. ಅದರಲ್ಲಿನ ಬೆಂಜೀನ್ ಮುಂತಾದ ಅಂಶಗಳು ನೀರಿನಲ್ಲಿ ಕರಗಿ ಮುಂದೆ ಸಾಗುತ್ತವೆ. ಬೆಂಜೀನ್ ಕ್ಯಾನ್ಸರ್‌ಕಾರಕ. ಕುಡಿಯುವ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಇಷ್ಟು ಅಲ್ಪ ಪ್ರಮಾಣವನ್ನು ಮೂಗು ಗುರುತಿಸಲಾರದು. ಗ್ರಾಮ ಪಂಚಾಯಿತಿಗಳಲ್ಲಿ ಲಭ್ಯವಿರುವ ಕ್ಷೇತ್ರ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್ ಮೊದಲಾದವುಗಳಿಗೆ ಮಾತ್ರ ಉಪಯುಕ್ತ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದಿನಾಂಕ 07-01-2020ರ ಮಾರ್ಗಸೂಚಿಯಲ್ಲಿ ಹೊಸ ಬಂಕ್‌ಗಳು ಶಾಲೆ, ಆಸ್ಪತ್ರೆ ಹಾಗೂ ವಸತಿ ಪ್ರದೇಶಗಳಿಂದ 50 ಮೀಟರ್ ದೂರದಲ್ಲಿರಬೇಕೆಂದೂ, ಅನಿವಾರ್ಯ ಸಂದರ್ಭದಲ್ಲಿಯೂ 30 ಮೀಟರ್‌ಗಿಂತ ಕಡಿಮೆ ಇರಕೂಡದೆಂದೂ ತಿಳಿಸಿದೆ. ಆದರೆ ಶಿಲೆಯ ಬಿರುಕುಗಳಲ್ಲಿ ಹರಿಯುವ ನೀರು ಈ ಅಂತರವನ್ನು ಲೆಕ್ಕಿಸುವುದಿಲ್ಲ. ಇಲ್ಲಿನ ಗಟ್ಟಿ ಶಿಲಾ ಪ್ರದೇಶದಲ್ಲಿ ನೀರು ಮೇಲಿನ ಶಿಥಿಲ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಇರುತ್ತದೆ.

ತೋಟದ ಕೊಳವೆಬಾವಿ ಏಕೆ ಸಾಲದು?

ನೀರಾವರಿ ಕೊಳವೆಬಾವಿಗೆ ಮೇಲ್ಭಾಗದಲ್ಲಿ ಮಾತ್ರ ಕೇಸಿಂಗ್ ಪೈಪ್ ಇದ್ದು, ನೀರು ಆಳದ ಹಲವು ಬಿರುಕುಗಳಿಂದ ಬೆರೆತು ಬರುತ್ತದೆ. ಮೇಲ್ಪದರದಲ್ಲಿ ತೇಲುವ ಇಂಧನ ಅದರಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ವೀಕ್ಷಣಾ ಬಾವಿಯನ್ನು ಪ್ರತ್ಯೇಕವಾಗಿ ನಿರ್ಮಿಸತಕ್ಕದ್ದು. ಸೀಳುಗಳುಳ್ಳ ಪೈಪು ಬೇಸಿಗೆಯ ಕನಿಷ್ಠ ಮಟ್ಟದಿಂದ ಮಳೆಗಾಲದ ಗರಿಷ್ಠ ಮಟ್ಟದವರೆಗೆ ವ್ಯಾಪಿಸಿರಬೇಕು. ಕೆರೆ ತುಂಬಿದಾಗ ಮಟ್ಟ ಏರುವ ಬುಕ್ಕಾಂಬುಧಿಯಂತಹ ಸ್ಥಳದಲ್ಲಿ ಇದು ಮುಖ್ಯ. ಪೈಪಿನ ಸುತ್ತ ಶುದ್ಧ ಮರಳು, ಅದರ ಮೇಲೆ ಕನಿಷ್ಠ 60 ಸೆಂ.ಮೀ. ಬೆಂಟೊನೈಟ್ ಜೇಡಿ, ನಂತರ ಸಿಮೆಂಟ್, ಕೊನೆಗೆ ಬೀಗವುಳ್ಳ ಮುಚ್ಚಳ. ಪಿ.ವಿ.ಸಿ. ಪೈಪುಗಳನ್ನು ತಿರುಪಿನಿಂದಲೇ ಜೋಡಿಸಬೇಕು, ಅಂಟು ಬಳಸಕೂಡದು. ಅಂಟಿನ ದ್ರಾವಕವೇ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹರಿವಿನ ದಿಕ್ಕು ತಿಳಿಯಲು ಒಂದೇ ಸಾಲಿನಲ್ಲಿರದ ಕನಿಷ್ಠ ಮೂರು ಬಾವಿಗಳು ಅವಶ್ಯ, ಒಂದು ಟ್ಯಾಂಕ್‌ಗೆ ಮೇಲ್ದಿಕ್ಕಿನಲ್ಲಿರಬೇಕು.

ಸರ್ವೋಚ್ಚ ನ್ಯಾಯಾಲಯದ 2010ರ ಆದೇಶದಂತೆ ಯಾವುದೇ ಕೊಳವೆಬಾವಿ ಕೊರೆಯುವ ಕನಿಷ್ಠ 15 ದಿನ ಮೊದಲು ಜಮೀನಿನ ಮಾಲೀಕರು ಸಂಬಂಧಿಸಿದ ಅಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡಬೇಕು. ಕರ್ನಾಟಕ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆ ವಿನಿಯಮನ ಮತ್ತು ನಿಯಂತ್ರಣ) ಅಧಿನಿಯಮ, 2011ರ ಉಪಬಂಧಗಳೂ ಅನ್ವಯಿಸುತ್ತವೆ. ಬಂಕ್ ಆವರಣದೊಳಗೆ ಪರವಾನಗಿದಾರರ ಒಪ್ಪಿಗೆಯಿಲ್ಲದೆ ಯಾರೂ ಕೊರೆಯುವಂತಿಲ್ಲ. ಹೂಳಲಾದ ಪೈಪುಗಳಿಗೆ ಧಕ್ಕೆಯಾಗದಂತೆ ಆರಂಭದ ಒಂದೂವರೆ ಮೀಟರನ್ನು ಕೈಯಿಂದಲೇ ತೋಡುವುದು ಕ್ಷೇಮ.

ಮಾದರಿ ಸಂಗ್ರಹಣೆ

ಮೊದಲು ನೀರಿನ ಮಟ್ಟ ಅಳೆದು, ಪಾರದರ್ಶಕ ಬೇಲರ್ ಇಳಿಸಿ ತೇಲುವ ಪದರವಿದೆಯೇ ಎಂದು ಪರಿಶೀಲಿಸಲಾಗುತ್ತದೆ. ಬಾವಿಯಲ್ಲಿ ನಿಂತ ನೀರನ್ನು ಹೊರಹಾಕಿದ ನಂತರವೇ ಮಾದರಿ ತೆಗೆಯಬೇಕು. 50 ಮಿ.ಮೀ. ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 2 ಲೀಟರ್ ನೀರಿರುತ್ತದೆ. 5 ಮೀಟರ್ ನೀರಿದ್ದಲ್ಲಿ ಅದರ ಮೂರು ಪಟ್ಟು, ಎಂದರೆ 30 ಲೀಟರ್, ಹೊರತೆಗೆಯುವುದು ರೂಢಿ. ಈ ನೀರನ್ನು ಚರಂಡಿಗೆ ಬಿಡದೆ ಡ್ರಮ್ಮಿನಲ್ಲಿ ಸಂಗ್ರಹಿಸಬೇಕು. ಮಾದರಿಯನ್ನು 40 ಮಿ.ಲೀ. ಗಾಜಿನ ಶೀಶೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಸಂರಕ್ಷಿಸಿ, 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು 14 ದಿನಗಳೊಳಗೆ ವಿಶ್ಲೇಷಿಸಬೇಕು. ಸಂಗ್ರಹಿಸುವವರು ಆಗತಾನೇ ವಾಹನಕ್ಕೆ ಪೆಟ್ರೋಲ್ ತುಂಬಿಸಿ ಬಂದಿರಬಾರದು.

ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ನೀರಿನಿಂದ ಬೆಂಜೀನ್ ಹಾರಿಹೋಗಿ ‘ದೋಷವಿಲ್ಲ’ ಎಂಬ ವರದಿ ಬರಬಹುದು. ಅಂತಹ ವರದಿಯನ್ನು ನಂಬಿ ಅದೇ ನೀರನ್ನು ಕುಡಿಯುವುದು ಪರೀಕ್ಷೆಯನ್ನೇ ಮಾಡಿಸದಿರುವುದಕ್ಕಿಂತ ಅಪಾಯಕಾರಿ.

ಅರ್ಜಿದಾರರಿಗೆ ಸೂಚನೆ

ಬಾವಿ ನೀರಿನಲ್ಲಿ ಇಂಧನದ ವಾಸನೆ ಕಂಡುಬಂದಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಚಿಕ್ಕಮಗಳೂರು ಪ್ರಾದೇಶಿಕ ಕಛೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಬಾವಿಯ ಸರ್ವೆ ನಂಬರ್, ಆಳ, ಬಂಕ್‌ನಿಂದ ಅಂದಾಜು ದೂರ, ವಾಸನೆ ಮೊದಲು ಕಂಡ ದಿನಾಂಕ, ಮಳೆಯ ನಂತರ ಅದು ಹೆಚ್ಚಿತೇ ಎಂಬುದನ್ನು ನಮೂದಿಸಬೇಕು. ಫಲಿತಾಂಶ ಬರುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಕೂಡದು; ಮುಚ್ಚಿದ ಬಚ್ಚಲಿನಲ್ಲಿ ಕಾಯಿಸಿ ಸ್ನಾನ ಮಾಡಿದರೂ ಆವಿ ಉಸಿರಿಗೆ ಸೇರುತ್ತದೆ. ಬಾವಿಯೊಳಗೆ ಇಣುಕಲು ಬೆಂಕಿಕಡ್ಡಿ ಅಥವಾ ದೀಪ ಹಚ್ಚಬಾರದು.