ಉಪ್ಪು, ಸಕ್ಕರೆ ಜೋಡಿಯಾಗಿ ಬಂದಾಗ

ಕಳೆದ ತಿಂಗಳು ಒಂದು ರಾತ್ರಿ ಧಾರವಾಡದ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಐದನೇ ತರಗತಿ ಓದುವ ಮೊಮ್ಮಗನಿಗೆ ಭೇದಿ ಹತ್ತಿತ್ತು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಸುರಿದು ಕಲಕುತ್ತಿದ್ದೆ. ನನ್ನಾಕೆ ಸಕ್ಕರೆ ಡಬ್ಬಿ ಹಿಡಿದು ಬಂದಳು.

“ಇನ್ನೆರಡು ಚಮಚ ಹಾಕ್ರಿ. ಸಿಹಿ ಆದ್ರ ಹುಡುಗ ಕುಡೀತಾನ.”

“ಬ್ಯಾಡ. ಸಕ್ಕರಿ ಹೆಚ್ಚಾದ್ರ ಭೇದಿನೂ ಹೆಚ್ಚಾಗ್ತದ” ಅಂದೆ.

ಬೆಳಗಿನ ತನಕ ಗುಟುಕು ಗುಟುಕಾಗಿ ಕುಡಿಸಿದೆವು. ಎರಡು ದಿನಕ್ಕೆ ಚೇತರಿಸಿಕೊಂಡವನ ಮೊದಲ ಪ್ರಶ್ನೆ: “ಅಜ್ಜಾ, ಸಕ್ಕರಿ ಯಾಕ ಹಾಕಗೊಡಲಿಲ್ಲ?”

ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಅವನನ್ನು ಅಡುಗೆಮನೆಗೇ ಕರೆದೊಯ್ದೆ.

ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ನೀರು ಬಿಟ್ಟಿರುತ್ತದೆ. ಏಕೆ? ಮಾವಾಗಲಿ, ಮನುಷ್ಯನಾಗಲಿ, ಎಲ್ಲ ಜೀವಿಗಳೂ ಜೀವಕೋಶಗಳಿಂದ ಆದವು. ಪ್ರತಿ ಕೋಶಕ್ಕೂ ಕೊಬ್ಬಿನ ಎರಡು ಪದರಗಳ ತೆಳುವಾದ ಪೊರೆಯಿದೆ. ನೀರು ಅದನ್ನು ದಾಟಬಲ್ಲದು. ಉಪ್ಪು, ಸಕ್ಕರೆ ಸುಲಭವಾಗಿ ದಾಟಲಾರವು. ಹಾಗಾಗಿ ಅವು ಹೆಚ್ಚಿರುವ ಕಡೆಗೆ ನೀರೇ ಹರಿದು ಹೋಗುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಕರುಳಿನಲ್ಲಿ ಸಕ್ಕರೆ ಅತಿಯಾದರೆ ಮೈಯ ನೀರು ಕರುಳಿಗೆ ಇಳಿಯುತ್ತದೆ.

“ಹಂಗಾದ್ರ ಉಪ್ಪು, ಸಕ್ಕರಿ ಒಳಗ ಹೋಗೂದು ಹ್ಯಾಂಗ?”

ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಸಣ್ಣಕರುಳಿನ ಕೋಶಗಳ ಒಂದು ಬಾಗಿಲು ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸನ್ನು ಜೋಡಿಯಾಗಿಯೇ ಒಳಗೆ ಬಿಡುತ್ತದೆ: ಎರಡು ಸೋಡಿಯಂ ಕಣಕ್ಕೆ ಒಂದು ಗ್ಲೂಕೋಸ್ ಕಣ. ಅವುಗಳ ಬೆನ್ನಿಗೇ ನೀರೂ ಒಳಬರುತ್ತದೆ. ಈ ಜೋಡಿ ಪ್ರಯಾಣವನ್ನು 1960ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ವಿವರಿಸಿದರು.

ಭೇದಿಗೆ ಕೆಲವೊಮ್ಮೆ ವೈರಸ್ ಕಾರಣ, ಕೆಲವೊಮ್ಮೆ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾಕ್ಕೂ ಪೊರೆಯಿದೆ, ಸಾಮಾನ್ಯವಾಗಿ ಅದರಾಚೆ ಗಟ್ಟಿಯಾದ ಕೋಶಭಿತ್ತಿಯೂ ಇರುತ್ತದೆ. ಆದರೆ ನಮ್ಮ ಕೋಶಗಳಲ್ಲಿರುವಂಥ ಕೋಶಕೇಂದ್ರವಿಲ್ಲ, ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಇಲ್ಲ. ನಮ್ಮದು ಹಲವು ಕೋಣೆಗಳ ವಾಡೆಯಾದರೆ ಅದರದು ಒಂದೇ ಅಂಕಣದ ಗುಡಿಸಲು. ಎಲ್ಲ ಬ್ಯಾಕ್ಟೀರಿಯಾ ಕೆಟ್ಟವಲ್ಲ. ಹಾಲಿಗೆ ಹೆಪ್ಪಾಗುವುದೂ ಅವೇ.

ಕಾಲರಾದ ಬ್ಯಾಕ್ಟೀರಿಯಾ ಕರುಳಿನ ಕೋಶದೊಳಗೆ ನುಗ್ಗುವುದಿಲ್ಲ. ಹೊರಗಿದ್ದುಕೊಂಡೇ ವಿಷ ಬಿಡುತ್ತದೆ. ಇದನ್ನು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ ಡೇ. ವಿಷ ತಗುಲಿದ ಕೋಶಗಳು ಉಪ್ಪು, ನೀರನ್ನು ಹೊರಕ್ಕೆ ಚೆಲ್ಲುತ್ತವೆ. ಆದರೆ ಆಗಲೂ ಆ ಜೋಡಿ ಬಾಗಿಲು ಕೆಡುವುದಿಲ್ಲ! 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು.

ನಮ್ಮೂರ ನೀರಿನ ಕೊಳವೆಗೆ ಮಾತ್ರ ಇಂಥ ಜಾಣ ಪೊರೆಯಿಲ್ಲ. ನೀರು ನಿಂತು ಒತ್ತಡ ತಗ್ಗಿದಾಗ ಬಿರುಕುಗಳಿಂದ ಹೊರಗಿನ ಹೊಲಸು ಒಳಸೇರಬಹುದು. ಹುಬ್ಬಳ್ಳಿ-ಧಾರವಾಡದ ನಲ್ಲಿ ನೀರಿನ ಬಗ್ಗೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ: ಬಿಟ್ಟು ಬಿಟ್ಟು ನೀರು ಬರುವ ಕಡೆ ಶೇ. 31.7 ಮಾದರಿಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕವು. ದಿನವಿಡೀ ನೀರಿರುವ ಕಡೆ ಬರೀ ಶೇ. 0.7. ಆದ್ದರಿಂದ ತುಂಬಿಟ್ಟ ನೀರನ್ನು ಕಾಯಿಸಿಯೇ ಕುಡಿಯಬೇಕು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಭೇದಿಯಾದ ಮಗುವಿಗೆ ನೀರು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಅಥವಾ ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನನ್ನಾಕೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಉಪ್ಪಿನಕಾಯಿ ಹಾಕೂದು ನಾನು, ಪಾಠ ಹೇಳೂದು ನೀವು” ಎಂದು ನಕ್ಕಳು. ಈಗ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಎರಡು ಓಆರ್‌ಎಸ್ ಪೊಟ್ಟಣ ಇಟ್ಟಿದ್ದಾಳೆ. ಒಂದು ಲೀಟರಿನ ಬಾಟಲಿಗೆ ಗೆರೆ ಎಳೆದಿಟ್ಟವನು ಮೊಮ್ಮಗ.